ಮಣೆಯಿಂದ ಕುರ್ಚಿಯವರೆಗೆ: ಬೆನ್ನಿಗೆ ಆಸರೆ ಸಿಗುವಂತೆ ಕೂರುವುದು ಹೇಗೆ?

ಕೂರುವ ಭಂಗಿಯ ಬಗ್ಗೆ ಓದಲು ಹೊರಟರೆ ಎದುರಾಗುವುದು ಹೆಚ್ಚಾಗಿ ಆಫೀಸಿನ ಚಿತ್ರ. ಚಕ್ರದ ಕುರ್ಚಿ, ಮೇಜು, ಕಂಪ್ಯೂಟರ್. ಕಾಸರಗೋಡಿನ ನಮ್ಮ ಊರುಗಳಲ್ಲಿ ಸೊಂಟ ನೋವು ಅನ್ನುವವರಲ್ಲಿ ಹಾಗೆ ಕೂರುವವರು ಕೆಲವರು ಮಾತ್ರ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಂಗಳದ ಬದಿಯಲ್ಲಿ ಮಣೆ ಹಾಕಿ ಅಡಿಕೆ ಸುಲಿಯುತ್ತಾರೆ. ಮಂಜೇಶ್ವರ, ಕುಂಬಳೆಯ ಕಡೆ ಜಗಲಿಯಲ್ಲಿ ಕಾಲು ನೀಡಿ, ಮಡಿಲಲ್ಲಿ ಗೆರಸೆ ಇಟ್ಟು ಬೀಡಿ ಕಟ್ಟುತ್ತಾರೆ. ದಿನಾ ಮಂಗಳೂರಿಗೆ ಹೋಗಿ ಬರುವವರು ಬಸ್ಸಿನ ಸೀಟಿನಲ್ಲಿ ಕೂರುತ್ತಾರೆ. ತಾಳಮದ್ದಳೆ ಕೇಳುವವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಂಟೆಗಟ್ಟಲೆ ಕಳೆಯುತ್ತಾರೆ. ಮಕ್ಕಳು ಮಂಚದ ಮೇಲೆ ಮುದುಡಿ ಕೂತು ಮೊಬೈಲ್ ನೋಡುತ್ತಾರೆ. ಇವರಿಗೆಲ್ಲ ಆಫೀಸು ಕುರ್ಚಿಯ ಸಲಹೆ ಕೊಟ್ಟು ಏನು ಪ್ರಯೋಜನ?

ಹಾಗಾಗಿ ಈ ಮಾರ್ಗದರ್ಶಿಯನ್ನು ನೆಲದ ಮೇಲೆ ಕೂರುವವರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಉದ್ದಕ್ಕೂ ಹೇಳುವುದು ಒಂದೇ ಮಾತು. ಬೆನ್ನನ್ನು ತಿದ್ದುವ ಮೊದಲು ಕೂತ ಜಾಗವನ್ನು ತಿದ್ದಿ. "ಬೆನ್ನು ನೆಟ್ಟಗೆ ಮಾಡಿ ಕೂರು ಮಗಾ" ಅಂತ ಗದರಿದರೆ ಮಗು ಐದು ನಿಮಿಷ ನೆಟ್ಟಗೆ ಕೂರುತ್ತದೆ. ಆಮೇಲೆ ಮತ್ತೆ ಬಾಗುತ್ತದೆ. ಅದಕ್ಕೆ ಸೋಮಾರಿತನ ಕಾರಣವಲ್ಲ. ಕೂತ ಜಾಗವೇ ಅದನ್ನು ಬಾಗಿಸುತ್ತಿರುತ್ತದೆ.

ಬೆನ್ನಿನೊಳಗೆ ಏನಾಗುತ್ತದೆ?

ಇಷ್ಟು ತಿಳಿದಿದ್ದರೆ ಮುಂದಿನದು ಸುಲಭ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದ ಹಿಂದೆ 5, ಹೀಗೆ ಬೆನ್ನಿನಲ್ಲಿ 24 ಬಿಡಿ ಮೂಳೆಗಳಿವೆ. ಅದರ ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡು ಪೆಲ್ವಿಸ್ ಎನ್ನುವ ಸೊಂಟದ ದೊಡ್ಡ ಮೂಳೆಗೆ ಸೇರಿವೆ. ಬದಿಯಿಂದ ನೋಡಿದರೆ ಬೆನ್ನೆಲುಬು ನೇರ ಗೆರೆಯ ಹಾಗೆ ಇರುವುದಿಲ್ಲ. ಕತ್ತು ಒಳಕ್ಕೆ ಬಾಗಿದೆ, ಎದೆಯ ಭಾಗ ಹೊರಕ್ಕೆ, ಸೊಂಟದ ಹಿಂಭಾಗ ಮತ್ತೆ ಒಳಕ್ಕೆ. ಈ ಕೊನೆಯ ಒಳಬಾಗನ್ನು ನಾನು ಬೆನ್ನಿನ ಕುಳಿ ಅಂತ ಕರೆಯುತ್ತೇನೆ. ನಿಂತಾಗ ಅಲ್ಲಿಗೆ ಅಂಗೈ ಇಟ್ಟು ನೋಡಿ, ಸರಿಯಾಗಿ ಹೊಂದಿಕೊಳ್ಳುತ್ತದೆ. ನೆಲದ ಮೇಲೆ ಕಾಲು ನೀಡಿ ಕೂತು ಮತ್ತೆ ಇಟ್ಟು ನೋಡಿ. ಕುಳಿ ಮಾಯವಾಗಿರುತ್ತದೆ. ಹಲವರಿಗೆ ಅಲ್ಲಿ ಮೂಳೆ ಉಬ್ಬಿಕೊಂಡು ಕೈಗೆ ಸಿಗುತ್ತದೆ.

ಮೂಳೆಗಳ ನಡುವೆ ಮೆತ್ತನೆಯ ಡಿಸ್ಕುಗಳಿವೆ. ದೊಡ್ಡವರ ಡಿಸ್ಕಿನೊಳಗೆ ರಕ್ತನಾಳಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸುತ್ತಲಿನಿಂದ ನೀರು, ಪೋಷಕಾಂಶ ನಿಧಾನವಾಗಿ ಒಳಗೆ ಇಳಿಯಬೇಕು. ಒತ್ತಡ ಏರುತ್ತಾ ಇಳಿಯುತ್ತಾ ಇದ್ದರೆ ಈ ಕೆಲಸ ಚೆನ್ನಾಗಿ ಆಗುತ್ತದೆ. ಒಂದೇ ರೀತಿ ಗಂಟೆಗಟ್ಟಲೆ ಕೂತರೆ ಆಗುವುದಿಲ್ಲ. ಎಷ್ಟೇ ಒಳ್ಳೆಯ ಭಂಗಿಯಾದರೂ ಅದರಲ್ಲೇ ಉಳಿದುಬಿಡಬಾರದು ಅನ್ನುವುದು ಇದಕ್ಕೇ.

ಈ ಒತ್ತಡವನ್ನು ಅಳೆದವರಿದ್ದಾರೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿಗೆ ಸೂಜಿ ಇಳಿಸಿ ನೋಡಿದರು. ಆಸರೆಯಿಲ್ಲದೆ ಕೂತಾಗ ಒತ್ತಡ ನಿಂತದ್ದಕ್ಕಿಂತ ಜಾಸ್ತಿ ಅಂತ ಅವರಿಗೆ ಕಂಡಿತು. 1999ರಲ್ಲಿ ಜರ್ಮನಿಯ ಹಾನ್ಸ್-ಯೋಆಕಿಮ್ ವಿಲ್ಕೆ ಮತ್ತು ಜೊತೆಗಾರರು ಒಬ್ಬ ಆರೋಗ್ಯವಂತ ವ್ಯಕ್ತಿಯಲ್ಲಿ ಮತ್ತೆ ಅಳೆದರು. ಈ ಸಲ ಫಲ ಬೇರೆ ಥರ ಬಂತು. ನಿಂತಾಗ 0.5 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ), ಆಸರೆಯಿಲ್ಲದೆ ಸುಮ್ನೆ ಕೂತಾಗ 0.46. ಕೂತು ಪೂರ್ತಿ ಮುಂದಕ್ಕೆ ಬಾಗಿದಾಗ ಮಾತ್ರ 0.83ಕ್ಕೆ ಏರಿತು. ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಗೆ ಊರಿದಾಗ 0.43 ಮಾತ್ರ ಇತ್ತು. ಕುರ್ಚಿಗೆ ಬೆನ್ನು ಒರಗಿಸಿ ಸಡಿಲವಾಗಿ ಕೂತಾಗ ಇನ್ನೂ ಕಡಿಮೆ. ಇದು ಒಬ್ಬನ ಲೆಕ್ಕ, ಎಲ್ಲರಿಗೂ ಇಷ್ಟೇ ಅಂತ ಹೇಳಲಾಗದು. ಆದರೂ ಎರಡು ವಿಷಯ ಮನಸ್ಸಿಗೆ ಬರುತ್ತವೆ. ಕೂರುವುದೇ ತಪ್ಪಲ್ಲ, ಬಾಗಿ ಕೂರುವುದು ಭಾರ. ಬೆನ್ನೋ ಕೈಯೋ, ಏನಾದರೊಂದಕ್ಕೆ ಆಸರೆ ಸಿಕ್ಕಿದರೆ ಆ ಭಾರ ಇಳಿಯುತ್ತದೆ.

ಮೊದಲ ಹೆಜ್ಜೆ: ಕೂರುವ ಎಲುಬನ್ನು ಹುಡುಕಿ

ಗಟ್ಟಿಯಾದ ಬೆಂಚಿನ ಮೇಲೋ ಮರದ ಕುರ್ಚಿಯ ಮೇಲೋ ಕೂರಿ. ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ ಕುಂಡೆಯ ಕೆಳಗೆ ತೂರಿಸಿ. ಎರಡು ಗಟ್ಟಿ ಗಂಟುಗಳು ಕೈಗೆ ಒತ್ತುತ್ತವೆ. ಅವೇ ಕೂರುವ ಎಲುಬುಗಳು. ಈಗ ಸೊಂಟವನ್ನು ಹಿಂದಕ್ಕೆ ಜಾರಿಸಿ, ಹೊಟ್ಟೆ ಮಡಚುವ ಹಾಗೆ. ಗಂಟುಗಳು ಮುಂದಕ್ಕೆ ಸರಿಯುತ್ತವೆ, ಭಾರ ಬಾಲದ ಮೂಳೆಯ ಕಡೆ ಹೋಗುತ್ತದೆ. ಆಮೇಲೆ ಸೊಂಟವನ್ನು ಪೂರ್ತಿ ಮುಂದಕ್ಕೆ ಬಾಗಿಸಿ. ಬೆನ್ನಿನ ಕುಳಿ ಆಳವಾಗಿ, ಸ್ನಾಯು ಬಿಗಿಯುತ್ತದೆ. ಈ ಎರಡರ ನಡುವೆ ನಿಧಾನವಾಗಿ ಹತ್ತು ಸಲ ತೂಗಿ. ಗಂಟುಗಳ ತುದಿ ಸರಿಯಾಗಿ ಕೆಳಮುಖವಾಗಿರುವ ಒಂದು ನಡುಜಾಗ ಸಿಗುತ್ತದೆ. ಅಲ್ಲಿ ಬೆನ್ನು ಹೆಚ್ಚು ಶ್ರಮ ಇಲ್ಲದೆ ತಾನಾಗಿ ಎದ್ದು ನಿಲ್ಲುತ್ತದೆ.

ಈ ನಡುಜಾಗವನ್ನು ದೇಹಕ್ಕೆ ಪರಿಚಯ ಮಾಡಿಸುವುದೇ ಇಡೀ ವಿಷಯದ ತಿರುಳು. ಮನೆಗೆ ಪಂಚಾಂಗ (ತಳಪಾಯ) ಇದ್ದ ಹಾಗೆ ಬೆನ್ನಿಗೆ ಸೊಂಟದ ಮೂಳೆ. ಅದು ವಾಲಿದರೆ ಮೇಲಿನದನ್ನು ಎಷ್ಟು ಎಳೆದು ನಿಲ್ಲಿಸಿದರೂ ನಿಲ್ಲುವುದಿಲ್ಲ. ಎದೆ ಉಬ್ಬಿಸಿ, ಭುಜ ಹಿಂದಕ್ಕೆ ಬಿಗಿದು ಕೂರಬೇಕಾಗಿಲ್ಲ. ಹಾಗೆ ಮಾಡಿದರೆ ಸ್ನಾಯು ಬೇಗ ಸೋಲುತ್ತದೆ. ಕೆಳಗಿನದು ಸರಿಯಾದರೆ ಭುಜ ತಾನಾಗಿ ಇಳಿಯುತ್ತದೆ.

ಎರಡನೇ ಹೆಜ್ಜೆ: ಎತ್ತರ

ಕೂತಾಗ ಸೊಂಟ ಮೊಣಕಾಲಿಗಿಂತ ತುಸು ಮೇಲಿರಬೇಕು. ಕನಿಷ್ಠ ಸಮ ಇರಬೇಕು. ಮೊಣಕಾಲು ಮೇಲೆ ಹೋದಷ್ಟೂ ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ, ಕುಳಿ ಹೋಗುತ್ತದೆ. ತಗ್ಗು ಮಣೆಯ ತೊಂದರೆ ಇಲ್ಲೇ ಇದೆ.

ಕುರ್ಚಿಯ ಎತ್ತರ ತಿಳಿಯಲು ಚಪ್ಪಲಿ ಇಲ್ಲದೆ ನಿಂತು, ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಅಳೆಯಿರಿ. ಕುರ್ಚಿ ಅಷ್ಟೇ ಇದ್ದರೆ ಸಾಕು. ಐದು ಅಡಿ ಎತ್ತರದ ಹೆಂಗಸರಿಗೆ ಇದು ಸುಮಾರು 15ರಿಂದ 16 ಇಂಚು ಬರುತ್ತದೆ. ಮನೆಯಲ್ಲಿರುವ ಊಟದ ಮೇಜಿನ ಕುರ್ಚಿಗಳು 17ರಿಂದ 18 ಇಂಚು ಇರುವುದು ಸಾಮಾನ್ಯ. ಹಾಗಾಗಿ ಅಮ್ಮಂದಿರ, ಅಜ್ಜಿಯಂದಿರ ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಅವರು ಮುಂದಕ್ಕೆ ಜಾರಿ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ, ಬೆನ್ನಿಗೆ ಆಸರೆ ಇಲ್ಲವಾಗುತ್ತದೆ. ಕಾಲ ಕೆಳಗೆ ಒಂದು ಮಣೆ ಇಟ್ಟುಕೊಡಿ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆ ಮಣೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ.

ಆಸನದ ಆಳವನ್ನೂ ನೋಡಿ. ಬೆನ್ನನ್ನು ಪೂರ್ತಿ ಹಿಂದಕ್ಕೆ ತಾಗಿಸಿ ಕೂತಾಗ ಮೊಣಕಾಲಿನ ಹಿಂದೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಉಳಿಯಬೇಕು. ಈಗಿನ ಸೋಫಾಗಳಲ್ಲಿ ಹೆಚ್ಚಿನವು ಇದಕ್ಕಿಂತ ಆಳ. ಗಟ್ಟಿ ದಿಂಬೊಂದನ್ನು ಬೆನ್ನಿನ ಹಿಂದೆ ಇಟ್ಟು ಆಳ ಕಡಿಮೆ ಮಾಡಿ.

ಮೂರನೇ ಹೆಜ್ಜೆ: ಬೈರಾಸಿನ ಸುರುಳಿ

ದುಡ್ಡು ಕೊಟ್ಟು ಬೆನ್ನಿನ ದಿಂಬು ತರುವ ಮೊದಲು ಮನೆಯ ಬೈರಾಸನ್ನು (ಮೈ ಒರೆಸುವ ಟವೆಲ್ಲನ್ನು) ಬಳಸಿ ನೋಡಿ. ದಪ್ಪ ಬೈರಾಸನ್ನು ಬಿಗಿಯಾಗಿ ಸುತ್ತಿ, ಎರಡು ಕಡೆ ದಾರ ಕಟ್ಟಿ. ಒತ್ತಿದಾಗ ಎರಡು ಇಂಚಿನಷ್ಟು ಉಳಿಯುವ ದಪ್ಪ ಸಾಕು. ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ಪ್ಯಾಂಟಿನ ಬೆಲ್ಟು ಅಥವಾ ಸೀರೆಯ ನೆರಿಗೆ ಸಿಕ್ಕಿಸುವ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಕುಳಿ ಇರುವಲ್ಲಿ. ಹಲವರು ಬೆನ್ನಿನ ಮಧ್ಯಕ್ಕೆ ಇಟ್ಟು "ಇದರಿಂದ ಏನೂ ಆಗಲಿಲ್ಲ" ಅನ್ನುತ್ತಾರೆ. ಮೊದಲು ಕುಂಡೆಯನ್ನು ಪೂರ್ತಿ ಹಿಂದಕ್ಕೆ ಸರಿಸಿ, ಆಮೇಲೆ ಸುರುಳಿ ಇಡಿ, ಕೊನೆಗೆ ಒರಗಿ. ಈ ಕ್ರಮ ತಪ್ಪಿದರೆ ಸುರುಳಿ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೇ.

ಒರಗುವಾಗ ಕುರ್ಚಿಯ ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಒಳ್ಳೆಯದು. 90 ಡಿಗ್ರಿ ಮೂಲೆ ಬೇಕಾಗಿಲ್ಲ. 100ರಿಂದ 110 ಡಿಗ್ರಿ ಹೆಚ್ಚಿನವರಿಗೆ ಹಿತ.

ನಾಲ್ಕನೇ ಹೆಜ್ಜೆ: ಕೈ ಮತ್ತು ತಲೆ

ಕೆಲಸ ಎಲ್ಲಿದೆಯೋ ಕಣ್ಣು ಅಲ್ಲಿಗೆ ಹೋಗುತ್ತದೆ. ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಕತ್ತು. ದೊಡ್ಡವರ ತಲೆ ಸುಮಾರು 5 ಕಿಲೋ ತೂಗುತ್ತದೆ. ಅಮೆರಿಕದ ಬೆನ್ನು ಶಸ್ತ್ರಚಿಕಿತ್ಸಕ ಕೆನೆತ್ ಹಂಸರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದಾಗ, ತಲೆ 60 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಸುಮಾರು 27 ಕಿಲೋದಷ್ಟು ಒತ್ತಡ ಬೀಳುತ್ತದೆ ಅಂತ ಬಂತು. ಜೀವಂತ ಕತ್ತಿನಲ್ಲಿ ಅಳೆದದ್ದಲ್ಲ, ಮಾದರಿಯ ಲೆಕ್ಕ. ಆದರೂ ಒತ್ತಡ ಯಾವ ಕಡೆಗೆ ಏರುತ್ತದೆ ಅನ್ನುವುದು ಗೊತ್ತಾಗುತ್ತದೆ.

ಮಾಡಬೇಕಾದ್ದು ಇಷ್ಟು. ಕೆಲಸದ ವಸ್ತುವನ್ನು ಮೊಣಕೈಯ ಮಟ್ಟಕ್ಕೆ ತನ್ನಿ. ಮೊಣಕೈ ಪಕ್ಕೆಯ ಹತ್ತಿರ ಇರಲಿ. ಮೊಬೈಲ್ ನೋಡುವಾಗ ಮೊಣಕೈಯನ್ನು ಮೇಜಿಗೋ ಮಡಿಲಿನ ದಿಂಬಿಗೋ ಊರಿ, ಮೊಬೈಲನ್ನು ಮುಖದ ಕಡೆಗೆ ಎತ್ತಿ. ಲ್ಯಾಪ್‌ಟಾಪಿನಲ್ಲಿ ಜಾಸ್ತಿ ಹೊತ್ತು ಕೆಲಸ ಇದ್ದರೆ ಅದನ್ನು ದಪ್ಪ ಪುಸ್ತಕಗಳ ಮೇಲೆ ಇಟ್ಟು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ. ಬೇರೆ ಕೀಬೋರ್ಡ್ ಬೇಕಾಗುತ್ತದೆ. ಅದು ಸಣ್ಣ ಖರ್ಚು, ಆದರೆ ಮಾಡಲೇಬೇಕಾದ ಖರ್ಚು.

ಬೀಡಿ ಕಟ್ಟುವ ಅಕ್ಕಂದಿರಿಗೆ

ಈ ಭಾಗವನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಯಾಕೆಂದರೆ ಈ ಕೆಲಸದಲ್ಲಿ ಬೆನ್ನಿಗೆ ಕಷ್ಟ ಕೊಡುವುದೆಲ್ಲ ಒಂದೇ ಕಡೆ ಸೇರಿಕೊಂಡಿದೆ. ಕಾಲು ನೀಡಿರುತ್ತದೆ, ಗೆರಸೆ ತಗ್ಗಿನಲ್ಲಿರುತ್ತದೆ, ತಲೆ ಬಾಗಿರುತ್ತದೆ, ಬೆರಳು ಮಾತ್ರ ಓಡುತ್ತಿರುತ್ತದೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಎದ್ದರೆ ಹೊತ್ತು ಹೋಗುತ್ತದೆ ಅನ್ನುವ ಚಿಂತೆ ನ್ಯಾಯವಾದದ್ದೇ. ಹಾಗಾಗಿ ಕೆಲಸ ನಿಲ್ಲಿಸದೆ ಮಾಡಬಹುದಾದ ಬದಲಾವಣೆ ಮೊದಲು.

ಕಾಲು ನೀಡಿ ಕೂತಾಗ ಬೆನ್ನು ಯಾಕೆ ಬಾಗುತ್ತದೆ ಗೊತ್ತಾ? ತೊಡೆಯ ಹಿಂಭಾಗದ ಉದ್ದ ಸ್ನಾಯು ಒಂದು ತುದಿಯಲ್ಲಿ ಮೊಣಕಾಲಿನ ಕೆಳಗೆ, ಇನ್ನೊಂದು ತುದಿಯಲ್ಲಿ ಅದೇ ಕೂರುವ ಎಲುಬಿಗೆ ಕಟ್ಟಿಕೊಂಡಿದೆ. ಮೊಣಕಾಲು ನೇರವಾದಾಗ ಅದು ಬಿಗಿದು ಎಲುಬನ್ನು ಮುಂದಕ್ಕೆ ಎಳೆಯುತ್ತದೆ. ಸೊಂಟದ ಮೂಳೆ ಹಿಂದಕ್ಕೆ ಮಗುಚುತ್ತದೆ. ಈಗಲೇ ಪರೀಕ್ಷಿಸಿ ನೋಡಬಹುದು. ನೆಲದಲ್ಲಿ ಕಾಲು ನೀಡಿ ಕೂತು, ಮೊಣಕಾಲನ್ನು ಒಂದು ಗೇಣು ಎತ್ತಿ. ಸೊಂಟ ತಕ್ಷಣ ಸಡಿಲವಾದ್ದು ಗೊತ್ತಾಗುತ್ತದೆ.

ಪರಿಹಾರ ಆ ಪರೀಕ್ಷೆಯಲ್ಲೇ ಇದೆ. ಮೊಣಕಾಲಿನ ಕೆಳಗೆ ಸುತ್ತಿದ ಗೋಣಿಯೋ ದಿಂಬೋ ಇಡಿ. ಕುಂಡೆಯ ಕೆಳಗೆ ನಾಲ್ಕು ಇಂಚಿನಷ್ಟು ಎತ್ತರ ಕೊಡಿ, ಗಟ್ಟಿಯಾಗಿ ಮಡಚಿದ ಕಂಬಳಿ ಸಾಕು. ಮೆತ್ತನೆಯ ಹತ್ತಿ ದಿಂಬು ಕುಸಿಯುತ್ತದೆ, ಬೇಡ. ಜಗಲಿಯ ನಡುವಿನಿಂದ ಗೋಡೆಯ ಹತ್ತಿರ ಬನ್ನಿ. ಕುಂಡೆ ಗೋಡೆಗೆ ತಾಗಲಿ, ಕುಳಿಯಲ್ಲಿ ಬೈರಾಸಿನ ಸುರುಳಿ ಇರಲಿ. ಕೊನೆಯದಾಗಿ ಗೆರಸೆಯನ್ನು ಎತ್ತರಿಸಿ. ತೊಡೆಯ ಮೇಲೆ ಒಂದು ದಿಂಬು ಇಟ್ಟು ಅದರ ಮೇಲೆ ಗೆರಸೆ ಇಟ್ಟರೆ ಕೈ ಮೇಲೆ ಬರುತ್ತದೆ, ತಲೆ ಬಾಗುವುದು ಕಡಿಮೆಯಾಗುತ್ತದೆ. ಬೆಳಕು ಬದಿಯಿಂದ ಬೀಳುವಂತೆ ಕೂರಿ. ಎಲೆ ಸರಿಯಾಗಿ ಕಾಣದಿದ್ದರೆ ಯಾರೇ ಆಗಲಿ ಬಾಗಿಯೇ ಬಾಗುತ್ತಾರೆ. ಕನ್ನಡಕದ ನಂಬರು ಬದಲಾಗಿದ್ದರೆ ಅದೂ ಕತ್ತು ನೋವಿಗೆ ಕಾರಣವಾಗಬಹುದು.

ಇನ್ನೊಂದು ಅನುಕೂಲ ಈ ಕೆಲಸದಲ್ಲೇ ಇದೆ. ಎಲೆ ಕತ್ತರಿಸುವುದು, ಸುತ್ತಿ ನೂಲು ಕಟ್ಟುವುದು, ತುದಿ ಮಡಚುವುದು, ಕಟ್ಟು ಮಾಡುವುದು ಬೇರೆ ಬೇರೆ. ಎಲ್ಲವನ್ನೂ ಒಂದೇ ಜಾಗದಲ್ಲಿ ಕೂತು ಮಾಡಬೇಕೆಂದಿಲ್ಲ. ಎಲೆ ಕತ್ತರಿಸುವುದನ್ನು ಊಟದ ಮೇಜಿನಲ್ಲಿ, ಕುರ್ಚಿಯಲ್ಲಿ ಕೂತು ಮಾಡಿ. ಸುತ್ತುವುದಕ್ಕೆ ನೆಲಕ್ಕೆ ಬನ್ನಿ. ಹೀಗೆ ಮಾಡಿದರೆ ಹೊತ್ತು ಹಾಳಾಗುವುದಿಲ್ಲ, ಬೆನ್ನಿಗೆ ಬದಲಾವಣೆ ಸಿಗುತ್ತದೆ. ನೆಲದಲ್ಲಿ ಕೂತಾಗಲೂ ಕಾಲನ್ನು ಬದಲಿಸುತ್ತಿರಿ. ಸ್ವಲ್ಪ ಹೊತ್ತು ಎರಡೂ ನೀಡಿ, ಆಮೇಲೆ ಬಲಗಾಲು ಮಡಚಿ, ಆಮೇಲೆ ಎಡಗಾಲು. ಬಲಗಾಲೇ ಯಾವಾಗಲೂ ಮಡಚುವ ಅಭ್ಯಾಸ ಇದ್ದವರು ಬೇಕಂತಲೇ ಇನ್ನೊಂದನ್ನು ಮಡಚಿ.

ಅಡಿಕೆ ಸುಲಿಯುವವರಿಗೆ

ಚಾಲಿ ಅಡಿಕೆ (ಒಣಗಿಸಿದ ಹಣ್ಣಡಿಕೆ) ಸುಲಿಯುವ ಕಾಲದಲ್ಲಿ ಬೆಳಗಿನಿಂದ ಸಂಜೆವರೆಗೆ ತಗ್ಗು ಮಣೆಯಲ್ಲಿ ಕೂರುವವರಿದ್ದಾರೆ. ಮೂರು ನಾಲ್ಕು ಇಂಚಿನ ಮಣೆಯಲ್ಲಿ ಕೂತರೆ ಮೊಣಕಾಲು ಎದೆಯ ಹತ್ತಿರ ಬರುತ್ತದೆ. ಸುಲಿಯುವ ಕತ್ತಿಯ ಮೇಲೆ ಬಲ ಹಾಕಲು ಮೈಯ ಮೇಲ್ಭಾಗ ಮುಂದಕ್ಕೆ ಬಾಗುತ್ತದೆ. ಬಾಗುವುದರ ಜೊತೆಗೆ ತಿರುಗುವುದೂ ಇದೆ. ಒಂದು ಬದಿಯ ರಾಶಿಯಿಂದ ಅಡಿಕೆ ಎತ್ತುವುದು, ಇನ್ನೊಂದು ಬದಿಗೆ ಹಾಕುವುದು. ಬಾಗಿಕೊಂಡೇ ತಿರುಗುವುದು ಡಿಸ್ಕಿಗೆ ತುಂಬಾ ಕಷ್ಟದ ಚಲನೆ. ಅದು ದಿನಕ್ಕೆ ಸಾವಿರಾರು ಸಲ ನಡೆಯುತ್ತದೆ.

ನನ್ನ ಮಾತು ಕೇಳುವುದಾದರೆ, ಕತ್ತಿಯನ್ನೂ ಕೂರುವ ಜಾಗವನ್ನೂ ಒಟ್ಟಿಗೆ ಎತ್ತರಿಸಿ. ಕೂರುವುದಕ್ಕೆ 12ರಿಂದ 15 ಇಂಚಿನ ಗಟ್ಟಿ ಸ್ಟೂಲ್ ಅಥವಾ ಪೆಟ್ಟಿಗೆ. ಕತ್ತಿ ಕೂರಿಸಿದ ಮಣೆಯನ್ನು ಅಲುಗಾಡದ ತಗ್ಗು ಬೆಂಚಿಗೆ ಭದ್ರವಾಗಿ ಬಿಗಿಯಿರಿ. ಕತ್ತಿಯ ತುದಿ ಮೊಣಕೈಗಿಂತ ಸ್ವಲ್ಪ ಕೆಳಗಿದ್ದರೆ ಬಲ ಕೊಡಲು ಸುಲಭ. ಕತ್ತಿ ಅಲುಗಾಡುತ್ತಿದ್ದರೆ ಮಾತ್ರ ಈ ಸಾಹಸ ಬೇಡ. ಬೆನ್ನು ಉಳಿಸಲು ಹೋಗಿ ಬೆರಳು ಕಳೆದುಕೊಳ್ಳಬಾರದು.

ಸುಲಿಯದ ಅಡಿಕೆಯನ್ನು ನೆಲದ ರಾಶಿಯಿಂದ ಎತ್ತುವ ಬದಲು ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಇನ್ನೊಂದು ಸ್ಟೂಲಿನ ಮೇಲೆ ಕೈಗೆ ಎಟಕುವ ಹಾಗೆ ಇಡಿ. ಸುಲಿದದ್ದು ಬೀಳುವ ಪಾತ್ರೆ ಎದುರಿಗೇ ಇರಲಿ. ದಿನದಲ್ಲಿ ಒಂದೆರಡು ಸಲ ಬುಟ್ಟಿಯ ಬದಿ ಬದಲಿಸಿ. ಕೈ ಬಿಡುವಾದಾಗ, ಮಾತಾಡುವಾಗ, ಚಹಾ ಕುಡಿಯುವಾಗ ಮೊಣಕೈ ತೊಡೆಗೆ ಊರಿ. ವಿಲ್ಕೆಯವರ ಅಳತೆ ನೆನಪಿದೆ ಅಲ್ವಾ? ಹಾಗೆ ಊರಿ ಕೂತಾಗ ಒತ್ತಡ, ಪೂರ್ತಿ ಬಾಗಿದಾಗಿನ ಹತ್ತಿರ ಹತ್ತಿರ ಅರ್ಧದಷ್ಟೇ ಇತ್ತು.

ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುವವರಿಗೂ ಇದೇ ತತ್ವ. ಮನೆಯ ದಿನದ ಅಡಿಗೆಗೆ ಹತ್ತು ನಿಮಿಷ ಕೂತರೆ ಏನೂ ಆಗದು. ಅನುಪತ್ಯದ (ಮನೆಯ ಸಮಾರಂಭದ) ಹಿಂದಿನ ದಿನ ನಾಲ್ಕಾರು ಜನ ಸೇರಿ ರಾಶಿ ತರಕಾರಿ ಹೆಚ್ಚುವಾಗ, ಮಂಡಿ ನೋವಿರುವವರಿಗೆ ಮೇಜು ಮತ್ತು ಕೈಚೂರಿ ಕೊಡಿ.

ಚಕ್ಕಳಮಕ್ಕಳ, ತಾಳಮದ್ದಳೆ, ಪ್ಲಾಸ್ಟಿಕ್ ಕುರ್ಚಿ

ಚಕ್ಕಳಮಕ್ಕಳ ಹಾಕಿ ಕೂರುವುದು ಒಳ್ಳೆಯ ಅಭ್ಯಾಸ. ಚಪ್ಪೆ (ಸೊಂಟದ ಕೀಲು) ಸಡಿಲವಾಗಿರುತ್ತದೆ, ಎದ್ದು ಕೂತು ಮಾಡುವ ಶಕ್ತಿ ಉಳಿಯುತ್ತದೆ. ಆದರೆ ಮೊಣಕಾಲು ನೆಲದಿಂದ ಎತ್ತರದಲ್ಲಿ ನಿಲ್ಲುತ್ತಿದ್ದರೆ ನಿಮಗೆ ಕುಂಡೆಯ ಕೆಳಗೆ ಎತ್ತರ ಬೇಕು ಅಂತ ಅರ್ಥ. ಮಡಚಿದ ಚಾಪೆಯನ್ನು ಕುಂಡೆಯ ಕೆಳಗೆ ಮಾತ್ರ ಇಟ್ಟು, ಅದರ ಅಂಚಿನಲ್ಲಿ ಕೂರಿ. ಮದ್ದಳೆ ನುಡಿಸುವವರಿಗೆ ಇದು ಬಹಳ ಉಪಯೋಗ. ಮಡಿಲಲ್ಲಿ ವಾದ್ಯದ ಭಾರ ಇರುವಾಗ ಸೊಂಟ ಹಿಂದಕ್ಕೆ ಮಗುಚಿದರೆ ಭುಜವೇ ಎಲ್ಲ ಹೊರಬೇಕಾಗುತ್ತದೆ.

ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು ನಮ್ಮದು. ಕೂತು ಕೇಳುವ ಅಭ್ಯಾಸ ಬಿಡಿ ಅಂತ ನಾನು ಹೇಳುವುದಿಲ್ಲ. ಅರ್ಥಧಾರಿಗಳು ಹೇಗೂ ಮಾತಿನ ಜೊತೆ ಮುಂದೆ ಹಿಂದೆ ಅಲುಗುತ್ತಾ ಇರುತ್ತಾರೆ. ಕೇಳುವವರು ಮಾತ್ರ ಹಂದಾಡುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಆಸನ ಹಿಂದಕ್ಕೆ ಇಳಿಜಾರು, ಬೆನ್ನಿನ ಭಾಗ ಒಳಕ್ಕೆ ತಗ್ಗು. ಒಂದು ಶಾಲು ಮಡಚಿ ಆಸನದ ಹಿಂಭಾಗಕ್ಕೆ ಹಾಕಿ ಸಮ ಮಾಡಿ, ಇನ್ನೊಂದನ್ನು ಸುತ್ತಿ ಕುಳಿಗೆ ಕೊಡಿ. ಪದ್ಯ ಹಾಡುವಾಗ ಎದ್ದು ಹಿಂದೆ ಹೋಗಿ ನಿಂತು ಕೇಳಿದರೆ ಯಾರಿಗೂ ಅಡ್ಡಿಯಿಲ್ಲ.

ಬಸ್ಸು, ಕಾರು, ರಿಕ್ಷಾ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದಿನಾ ಹೋಗಿ ಬರುವವರಿಗೆ ಬಸ್ಸಿನ ಸೀಟೇ ದೊಡ್ಡ ಕುರ್ಚಿ. ಸಾಧ್ಯವಾದರೆ ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ನಡುವಿನ ಸೀಟು ಹಿಡಿಯಿರಿ, ಕುಲುಕಾಟ ಕಡಿಮೆ. ಹಿಂದಿನ ಜೇಬಿನ ಪರ್ಸನ್ನು ತೆಗೆಯಿರಿ. ಅದರ ಮೇಲೆ ಕೂತರೆ ಸೊಂಟ ಒಂದು ಬದಿಗೆ ವಾಲುತ್ತದೆ. ಬ್ಯಾಗನ್ನು ಮಡಿಲಲ್ಲಿ ಇಟ್ಟು ಅದರ ಮೇಲೆ ಕೈ ಊರಿ ಮೊಬೈಲ್ ನೋಡಿ.

ಕಾರು ಓಡಿಸುವವರು ಸೀಟನ್ನು ಸಾಕಷ್ಟು ಹತ್ತಿರ ತನ್ನಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಕುಂಡೆ ಹಿಂದಿನಿಂದ ಜಾರಬಾರದು. ರಿಕ್ಷಾ ಓಡಿಸುವ ಅಣ್ಣಂದಿರು ಬೈರಾಸಿನ ಸುರುಳಿಯನ್ನು ಸೀಟಿನ ಬೆನ್ನಿಗೆ ಹಗ್ಗದಿಂದ ಕಟ್ಟಿಬಿಡಿ. ಇಳಿದು ಏರುವಾಗ ಜಾರುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ದೂರ ಪ್ರಯಾಣ ಮುಗಿಸಿ ಇಳಿದ ಕೂಡಲೇ ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್, ಅಕ್ಕಿ ಚೀಲ ಎತ್ತಬೇಡಿ. ಬಾಗಿ ಕೂತು ಕುಲುಕಿದ ಬೆನ್ನು ಆಗ ಸಿದ್ಧವಾಗಿರುವುದಿಲ್ಲ. ಎರಡು ಮೂರು ನಿಮಿಷ ನಡೆದಾಡಿ, ಸೊಂಟಕ್ಕೆ ಕೈ ಕೊಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ, ಆಮೇಲೆ ಎತ್ತಿ.

ಎಷ್ಟು ಹೊತ್ತಿಗೊಮ್ಮೆ ಏಳಬೇಕು?

ಅರ್ಧ ಗಂಟೆಗೊಮ್ಮೆ ಎದ್ದರೆ ಚೆನ್ನ. ಆಗದಿದ್ದರೆ ಮುಕ್ಕಾಲು ಗಂಟೆ. ಗಡಿಯಾರ ನೋಡುವುದು ಕಷ್ಟವಾದರೆ ಕೆಲಸಕ್ಕೆ ಗಂಟು ಹಾಕಿ. ಒಂದು ಬುಟ್ಟಿ ಸುಲಿದಾಗ, ಇಷ್ಟು ಕಟ್ಟು ಬೀಡಿ ಆದಾಗ, ಒಂದು ಪಾಠ ಓದಿ ಮುಗಿದಾಗ. ಎದ್ದು ಒಂದು ನಿಮಿಷ ಸಾಕು. ಕೈಗಳನ್ನು ಸೊಂಟದ ಹಿಂದೆ ಇಟ್ಟು ಐದು ಸಲ ಹಿಂದಕ್ಕೆ ಬಾಗಿ. ಬಾಗಿಲ ದಾರಂದಕ್ಕೆ ಎರಡೂ ಮುಂಗೈ ಒತ್ತಿ, ಒಂದು ಹೆಜ್ಜೆ ಮುಂದಿಟ್ಟು ಎದೆ ತೆರೆಯಿರಿ. ಗಲ್ಲವನ್ನು ಎತ್ತದೆ, ಬಗ್ಗಿಸದೆ, ನೇರ ಹಿಂದಕ್ಕೆ ಎಳೆದು ಐದು ಎಣಿಸಿ ಬಿಡಿ. ನೀರು ಕುಡಿಯಿರಿ, ಅದಕ್ಕಾಗಿ ಅಡಿಗೆಕೋಣೆಯವರೆಗೆ ನಡೆಯಿರಿ.

ಸಂಜೆ ಹತ್ತು ನಿಮಿಷ ಬೆನ್ನಿಗಾಗಿ ಇಡಿ. ಮೊದಲು ಚಾಪೆಯಲ್ಲಿ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲೆ ಇಡಿ. ಸೊಂಟ, ಮೊಣಕಾಲು ಎರಡೂ ಮಡಚಿರಲಿ. ಐದು ನಿಮಿಷ ಸುಮ್ನೆ ಉಸಿರಾಡಿ. ದಿನವಿಡೀ ಬಾಗಿದವರಿಗೆ ಇದರಷ್ಟು ಹಿತ ಕೊಡುವುದು ಇನ್ನೊಂದಿಲ್ಲ ಅನ್ನುವುದು ನನ್ನ ಅನುಭವ. ಆಮೇಲೆ ಬೈರಾಸನ್ನು ಪಾದಕ್ಕೆ ಹಾಕಿ ಒಂದೊಂದು ಕಾಲನ್ನು ಮೇಲಕ್ಕೆ ಎಳೆದು 30 ಸೆಕೆಂಡು ಹಿಡಿಯಿರಿ, ತೊಡೆಯ ಹಿಂಭಾಗ ಸಡಿಲವಾಗಲು. ಕಾಲಿಗೆ ಶಾಕ್ ಹೊಡೆದ ಹಾಗೆ ಆದರೆ ನಿಲ್ಲಿಸಿ. ಮೊಣಕಾಲು ಮಡಚಿ, ಪಾದ ಊರಿ, ಕುಂಡೆಯನ್ನು ಹತ್ತು ಸಲ ಮೇಲೆತ್ತಿ ಇಳಿಸಿ. ಏಳುವಾಗ, ಎತ್ತುವಾಗ ಬೆನ್ನಿಗೆ ಜೊತೆ ಕೊಡುವುದು ಕುಂಡೆಯ ಸ್ನಾಯು, ಅದನ್ನೇ ನಾವು ದಿನವಿಡೀ ಕೂತು ಮಲಗಿಸಿ ಇಡುತ್ತೇವೆ. ದಿನಾ ತೋಟದ ತನಕ ಅರ್ಧ ಗಂಟೆ ನಡೆದು ಬಂದರೆ ಇನ್ನೂ ಒಳ್ಳೆಯದು.

ಹೊಸ ಭಂಗಿಯಲ್ಲಿ ಮೊದಲ ದಿನಗಳಲ್ಲಿ ಸ್ವಲ್ಪ ಮೈಕೈ ನೋವು ಬರುವುದು ಸಹಜ. ಒಮ್ಮೆಗೆ ಹದಿನೈದು ನಿಮಿಷದಿಂದ ಶುರು ಮಾಡಿ, ನಿಧಾನಕ್ಕೆ ಹೆಚ್ಚಿಸಿ. ಸೊಂಟದ ಬೆಲ್ಟನ್ನು ದಿನವಿಡೀ ಕಟ್ಟಿಕೊಳ್ಳಬೇಡಿ. ವೈದ್ಯರು ಹೇಳಿದಷ್ಟು ದಿನ ಮಾತ್ರ ಸಾಕು. ಸಾಮಾನ್ಯ ಸೊಂಟ ನೋವಿಗೆ ವಾರಗಟ್ಟಲೆ ಮಲಗಿಯೇ ಇರುವುದೂ ಒಳ್ಳೆಯದಲ್ಲ. ಆದಷ್ಟು ಓಡಾಡುತ್ತಾ ಇದ್ದರೆ ಬೇಗ ವಾಸಿಯಾಗುತ್ತದೆ.

ಮನೆಮದ್ದು ಸಾಲದ ಸಂದರ್ಭಗಳು

ನೋವು ಮೊಣಕಾಲಿನ ಕೆಳಗೆ ಇಳಿದು ಪಾದ ಜೋಮು ಹಿಡಿದರೆ, ಕಾಲಿನ ಬಲ ಕಡಿಮೆಯಾದರೆ, ನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ ವೈದ್ಯರನ್ನು ಕಾಣಿ. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡುವ ಅನ್ನಬೇಡಿ.

ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದವರನ್ನು ಎತ್ತಿ ಕೂರಿಸಬೇಡಿ. ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿ ಒಯ್ಯಬೇಡಿ. ಬಿದ್ದಲ್ಲೇ ಅಲುಗಾಡಿಸದೆ ಇಟ್ಟು 108ಕ್ಕೆ ಕರೆ ಮಾಡಿ. ಎಣ್ಣೆ ತಿಕ್ಕುವುದಂತೂ ಬೇಡವೇ ಬೇಡ.

ಎಣ್ಮಕಜೆಯಂತಹ ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತ ಮನೆಗಳಿವೆ. ತಾವಾಗಿ ಕೂರಲಾಗದ ಮಕ್ಕಳಿಗೆ ಇಲ್ಲಿ ಹೇಳಿದ ದಿಂಬು, ಸುರುಳಿ ಸಾಕಾಗುವುದಿಲ್ಲ. ಅವರ ಅಳತೆಗೆ ಮಾಡಿದ ಕುರ್ಚಿ, ಪಟ್ಟಿ, ತಲೆಯ ಆಸರೆ ಬೇಕು. ಬಡ್ಸ್ ಶಾಲೆಯಲ್ಲೋ (ಬೌದ್ಧಿಕ ಸವಾಲಿನ ಮಕ್ಕಳ ವಿಶೇಷ ಶಾಲೆ) ಪಂಚಾಯತಿನ ಆರೋಗ್ಯ ಕೇಂದ್ರದಲ್ಲೋ ಫಿಸಿಯೋಥೆರಪಿಸ್ಟರ ಬಗ್ಗೆ ಕೇಳಿ. ಮಗು ಬೆಳೆದ ಹಾಗೆ ಅಳತೆಯನ್ನೂ ಬದಲಿಸಲು ಹೇಳಿ.

ವೈದ್ಯರಲ್ಲಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನೀವು ದಿನಾ ಕೂತು ಕೆಲಸ ಮಾಡುವ ಜಾಗದಲ್ಲೇ ಕೂರಿ, ಮನೆಯವರಿಂದ ಬದಿಯಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆಸಿ. ಪೋಸು ಕೊಡಬೇಡಿ, ಅರ್ಧ ಗಂಟೆ ಕೆಲಸ ಆದ ಮೇಲೆ ಹೇಗಿರುತ್ತೀರೋ ಹಾಗೆ ಇರಲಿ. ದಿನಕ್ಕೆ ಎಷ್ಟು ಗಂಟೆ, ಎಷ್ಟು ಎತ್ತರದ ಮಣೆ, ನೋವು ಯಾವ ಹೊತ್ತಿಗೆ ಏರುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಕನ್ನಡ, ತುಳು ಮಾತ್ರ ಬರುವ ಹಿರಿಯರು ಮಲಯಾಳ ಮಾತಾಡುವ ವೈದ್ಯರ ಮುಂದೆ ಅರ್ಧ ಹೇಳಿ ಅರ್ಧ ಬಿಟ್ಟು ಬರುತ್ತಾರೆ. ಆ ಎರಡು ಫೋಟೋಗಳನ್ನು ತೋರಿಸಿದರೆ ಮೇಜಿನ ಆಚೆ ಕೂತವರಿಗೆ ಅಂಗಳದ ಮಣೆಯೂ ಜಗಲಿಯ ಗೆರಸೆಯೂ ನೇರವಾಗಿ ಕಾಣುತ್ತವೆ. ಎಲ್ಲಿ ಎಷ್ಟು ಎತ್ತರಿಸಬೇಕು ಅಂತ ಅವರೂ ನಿಖರವಾಗಿ ಹೇಳಬಹುದು.